ಎರಡು ಜ್ಞಾಪಕಗಳುಳ್ಳ ಯಂತ್ರ

ನಮ್ಮ ಹಳೆಯ ವಿದ್ಯಾರ್ಥಿನಿಯರೂ ಬಾಲಿಕೆಯರ ತಂದೆತಾಯಂದಿರೂ ಗಣಕಯಂತ್ರದ ಕೋಣೆಗೆ ಬಂದಾಗ, ಚಿತ್ರವೊಂದೂ ಇಲ್ಲದ ಕಪ್ಪು ತೆರೆಯ ಮುಂದೆ ಹುಡುಗಿಯರು ಅಕ್ಷರಗಳನ್ನು ಒತ್ತುತ್ತ ಕುಳಿತಿರುವದನ್ನು ಕಂಡು, ಇದು ಯಾವ ವಿದ್ಯೆಯೆಂದು ವಿಚಾರಿಸುವದುಂಟು. ಅವರು ರೂಟರಿಗೆ ಅಪ್ಪಣೆ ಕೊಡಲು ಕಲಿಯುತ್ತಿರುವರು. ಶಾಲೆಯ ಗಣಕಯಂತ್ರಗಳಿಂದ ಹೊರಟ ಸಂದೇಶಗಳನ್ನು ಅಂತರ್ಜಾಲಕ್ಕೆ ದಾಟಿಸಿ, ಬಂದ ಉತ್ತರಗಳನ್ನು ಕೇಳಿದವರಿಗೇ ಮುಟ್ಟಿಸುವ ಪೆಟ್ಟಿಗೆಗೆ ರೂಟರೆಂದು ಹೆಸರು. ಅಂಚೆಕಚೇರಿಯಲ್ಲಿ ಕಾಗದಗಳನ್ನು ವಿಂಗಡಿಸುವವನ ಕೆಲಸವೇ ಅದರದು.

ಸಿಸ್ಕೋ ಸಂಸ್ಥೆಯ ಈ ಯಂತ್ರವು ಮೆಟ್ಟಲು ಮೆಟ್ಟಲಾಗಿ ಅಧಿಕಾರ ಕೊಡುವದು. ಬಾಣದ ಮೊನೆಯಂಥ ಗುರುತು ಕಾಣುವ ತನಕ ನೋಡಬಹುದೇ ಹೊರತು ಮುಟ್ಟಕೂಡದು. ‘ಎನೇಬಲ್’ ಎಂದು ಬರೆದು ಗುಪ್ತಪದವನ್ನು ಕೊಟ್ಟರೆ ಕುಂಟೆಬಿಲ್ಲೆಯ ಮನೆಗಳಂಥ ಗುರುತು ಮೂಡುವದು. ಆಮೇಲೂ ‘ಕಾನ್ಫಿಗರ್ ಟರ್ಮಿನಲ್’ ಎನ್ನದೆ ಜೋಡಣೆಯನ್ನು ತಿದ್ದಗೊಡದು. ಮುಂದೇನೆಂದು ತೋಚದವಳು ಪ್ರಶ್ನಾರ್ಥಕ ಚಿಹ್ನೆಯನ್ನು ಒತ್ತಿದರೆ, ಅಲ್ಲಿ ಸಲ್ಲುವ ಶಬ್ದಗಳನ್ನೆಲ್ಲ ತಾನೇ ತೋರಿಸುವದು. ಎಷ್ಟು ಸಲ ಕೇಳಿದರೂ ಬೇಸರಿಸದ ಇಂಥ ಉಪಾಧ್ಯಾಯರು ವಿರಳ.

ವ್ಯಾಕರಣವನ್ನು ಕಲಿಸುವ ನಮಗೆ ಅದರ ನಿಷೇಧರೂಪವು ಬಹಳ ಹಿಡಿಸಿತು. ರೂಟರಿನ ದ್ವಾರಗಳು ಹೊಸದರಲ್ಲಿ ಮುಚ್ಚಿಯೇ ಇರುವವು. ಅವನ್ನು ತೆರೆಯುವ ಅಪ್ಪಣೆಯು ‘ನೋ ಶಟ್‌ಡೌನ್’, ಅಂದರೆ ‘ಮುಚ್ಚದಿರು’! ವಿಳಾಸವನ್ನು ಸರಿಯಾಗಿ ಬರೆದು ಇದೊಂದನ್ನು ಮರೆತು, ತಂತಿಯನ್ನು ಎಳೆದೆಳೆದು ನೋಡುವ ಹುಡುಗಿಯರು ಪ್ರತಿವರ್ಷವೂ ಇರುವರು.

ಆದರೆ ಮುಖ್ಯವಾಗಿ ತಿಳಿಯತಕ್ಕದ್ದು ಅದರ ಎರಡು ಜ್ಞಾಪಕಗಳನ್ನು. ಕೊಟ್ಟ ಅಪ್ಪಣೆಯು ಆ ಕ್ಷಣವೇ ಜಾರಿಗೆ ಬಂದರೂ ವಿದ್ಯುತ್ತು ಇರುವ ತನಕ ಮಾತ್ರ ನಿಲ್ಲುವದು. ‘ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟಪ್-ಕಾನ್ಫಿಗ್’ ಎಂದು ಬರೆದರೆ ಮಾತ್ರ, ವಿದ್ಯುತ್ತು ಹೋದರೂ ಅಳಿಯದ ಇನ್ನೊಂದು ಜ್ಞಾಪಕದಲ್ಲಿ ಅದರ ನಕಲು ಉಳಿಯುವದು. 2023ರಲ್ಲಿ ನಮ್ಮ ಯಂತ್ರವನ್ನು ಜೋಡಿಸಿಕೊಟ್ಟವರು ಈ ಒಂದು ಸಾಲನ್ನು ಬರೆಯದೆ ಹೋಗಿದ್ದರು. ಮೂರು ವಾರ ಎಲ್ಲವೂ ಸರಾಗವಾಗಿತ್ತು. ವಿದ್ಯಾರ್ಥಿವೇತನದ ಅರ್ಜಿಗಳಿಗೆ ಕಡೆಯ ದಿನ ಮಧ್ಯಾಹ್ನ ಮಳೆಗಾಳಿಗೆ ವಿದ್ಯುತ್ತು ಹೋಗಿ ಬಂತು. ರೂಟರು ಅಂದೇ ಹುಟ್ಟಿದಂತೆ, ಮೊದಲಿನಿಂದ ಜೋಡಿಸಬೇಕೋ ಎಂದು ಕೇಳುತ್ತ ನಿಂತಿತು. ಹದಿನಾರು ಬಾಲಿಕೆಯರ ಅರ್ಜಿಗಳು ಬಾಕಿ. ಅವರಲ್ಲಿ ಕೆಲವರಿಗೆ ಆ ಹಣವಿಲ್ಲದೆ ಮುಂದಿನ ಓದೇ ಇಲ್ಲ. ಜೋಡಿಸಿದವರನ್ನು ಕರೆದರೆ ನಾಳೆ ಬರುವೆವೆಂದರು.

ವಿಜ್ಞಾನದ ಉಪಾಧ್ಯಾಯಿನಿಯವರೂ, ಪ್ಯಾಕೆಟ್ ಟ್ರೇಸರ್ ಎಂಬ ತಂತ್ರಾಂಶದಲ್ಲಿ ಅಭ್ಯಾಸಮಾಡಿದ್ದ ಹತ್ತನೆಯ ತರಗತಿಯ ಇಬ್ಬರೂ ಕೈಹಚ್ಚಿದರು. ತಿಳಿನೀಲಿಯ ಚಪ್ಪಟೆ ತಂತಿಯನ್ನು ಕನ್ಸೋಲ್ ದ್ವಾರಕ್ಕೆ ಸಿಕ್ಕಿಸಿದರು. ಒಳದ್ವಾರಕ್ಕೆ 192.168.10.1 ಎಂಬ ವಿಳಾಸ. ಹೊರದ್ವಾರಕ್ಕೆ ಅಂತರ್ಜಾಲ ಒದಗಿಸುವವರ ಕಾಗದದಲ್ಲಿದ್ದ ವಿಳಾಸ. ಹೊರಲೋಕಕ್ಕೆ ಹೋಗತಕ್ಕ ಸಂದೇಶಗಳಿಗೆ ಮಾರ್ಗ. ಒಳಗಿನವರೆಲ್ಲರನ್ನೂ ಹೊರಗಿನ ಒಂದೇ ವಿಳಾಸದ ಹೆಸರಿನಲ್ಲಿ ಕಳುಹಿಸುವ ನಿಯಮ. ಈ ಕೊನೆಯದು ಎರಡು ಸಲ ತಪ್ಪಿತು. ನಾವು ಬಾಗಿಲಲ್ಲಿ ಸುಮ್ಮನೆ ನಿಂತಿದ್ದೆವು. ನಾಲ್ಕು ಗಂಟೆಗೆ ‘ಪಿಂಗ್’ ಎಂಬ ಪ್ರಶ್ನೆಗೆ ಒಂದು ಚುಕ್ಕೆ, ಅದರ ಹಿಂದೆ ನಾಲ್ಕು ಆಶ್ಚರ್ಯಸೂಚಕ ಚಿಹ್ನೆಗಳು ಉತ್ತರವಾಗಿ ಬಂದವು. ಅರ್ಜಿಗಳಿಗೆ ಎಲ್ಲರೂ ಧಾವಿಸುತ್ತಿರಲು, ಇಬ್ಬರಲ್ಲಿ ಕಿರಿಯವಳು, “ತಡೆಯಿರಿ ಟೀಚರ್, ಮೊದಲು ಉಳಿಸುತ್ತೇನೆ” ಎಂದು ಆ ಒಂದು ಸಾಲನ್ನು ಬರೆದಳು. ಸಂಜೆಯೊಳಗೆ ಹದಿನಾರೂ ಅರ್ಜಿಗಳು ಹೋದವು.

ಉಳಿಸದಿರುವದೂ ಕೆಲವು ವೇಳೆ ಉಪಕಾರವೇ. ದೂರದ ಕೋಣೆಯಿಂದ ತಿದ್ದುವಾಗ ಹುಡುಗಿಯರು ಮೊದಲು ‘ರೀಲೋಡ್ ಇನ್ 10’ ಎಂದು ಬರೆಯುವರು. ತಪ್ಪು ಅಪ್ಪಣೆಯಿಂದ ತಮ್ಮ ದಾರಿಯನ್ನೇ ಮುಚ್ಚಿಕೊಂಡರೆ, ಹತ್ತು ನಿಮಿಷಕ್ಕೆ ಯಂತ್ರವು ತಾನೇ ಮರುಪ್ರಾರಂಭವಾಗಿ ಹಿಂದೆ ಉಳಿಸಿದ ಜೋಡಣೆಗೆ ಮರಳುವದು. ಸರಿಹೋದರೆ ‘ರೀಲೋಡ್ ಕ್ಯಾನ್ಸಲ್’ ಎಂದು ಬರೆದು ಉಳಿಸುವರು.

ಪರೀಕ್ಷೆಗೆ ಬಾರದ ವಿದ್ಯೆಗೆ ಹೊತ್ತೇಕೆಂದು ಕೆಲವರು ಕೇಳಿರುವರು; ಶನಿವಾರ ಒಂದು ಗಂಟೆ ಮಾತ್ರವೆಂದು ಬಿನ್ನವಿಸುತ್ತೇವೆ. ಇದು ಹೆಣ್ಣುಮಕ್ಕಳ ಕೆಲಸವೇ ಎಂದವರೂ ಉಂಟು. 1984ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಿಸ್ಕೋ ಸಂಸ್ಥೆಯನ್ನು ಸ್ಥಾಪಿಸಿದ ಇಬ್ಬರಲ್ಲಿ ಸಾಂಡ್ರಾ ಲರ್ನರ್ ಎಂಬ ಮಹಿಳೆಯೊಬ್ಬರು.

ಶಾಲೆಯ ರೂಟರು ಒಂದೇ ಆದದರಿಂದ ಅಭ್ಯಾಸಕ್ಕೆ ಕೊಡಲಾಗದು. ತಮ್ಮ ಕಚೇರಿಗಳಲ್ಲಿ ಮೂಲೆಗಿಟ್ಟ, ಕನ್ಸೋಲ್ ದ್ವಾರವುಳ್ಳ ರೂಟರುಗಳಿದ್ದರೆ ಮೇಲಧಿಕಾರಿಗಳ ಅನುಮತಿ ಪಡೆದು ಕಳುಹಿಸಬೇಕಾಗಿ ಹಳೆಯ ವಿದ್ಯಾರ್ಥಿನಿಯರನ್ನು ಬೇಡುತ್ತೇವೆ. ಗುಪ್ತಪದವು ಮರೆತುಹೋಗಿದ್ದರೂ ಚಿಂತೆಯಿಲ್ಲ, ಅದನ್ನು ನಿವಾರಿಸುವ ಕ್ರಮವನ್ನು ನಮ್ಮ ಹುಡುಗಿಯರು ಬಲ್ಲರು. ತಿಳಿನೀಲಿ ತಂತಿಯನ್ನು ಮಾತ್ರ ಮರೆಯದೆ ಜೊತೆಗಿಡಿರಿ.