ತಮಟೆ ನಮ್ಮದು, ಚಾಕರಿ ನಮ್ಮದಲ್ಲ

ಬೂದಿಕೋಟೆಯೆಂದರೆ ಹೈದರಾಲಿ ಹುಟ್ಟಿದ ಊರೆಂದು ಪುಸ್ತಕ ಹೇಳುತ್ತದೆ. ಈ ಸೀಮೆಯಲ್ಲಿ ತಮಟೆ ಬಡಿದ ನಮ್ಮವರನ್ನು ಪುಸ್ತಕ ಹೇಳುವುದಿಲ್ಲ. ಸಾವಾದರೆ, ಜಾತ್ರೆಯಾದರೆ, ಡಂಗುರ ಸಾರಬೇಕಾದರೆ "ಲೇ, ತಮಟೆ ತಗಂಡು ಬಾರೋ" ಎಂಬ ಕೂಗು ನಮ್ಮ ಕೇರಿಗೇ. ಗುಡಿಯೊಳಕ್ಕೆ ನಾದ ಹೋಗಬಹುದಿತ್ತು, ನಾವಲ್ಲ.

ಅದಕ್ಕೇ ನಮ್ಮ ಓದಿದ ಹುಡುಗರು ಕೇಳ್ತಾರೆ: "ಈ ಚರ್ಮ ಇನ್ನೂ ಯಾಕಣ್ಣಾ? ಸುಟ್ಟಾಕು." ಈ ಸಿಟ್ಟು ನ್ಯಾಯವಾದದ್ದೇ. ಆದರೆ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರನ್ನು ನೋಡಿ. 2007ರವರೆಗೆ ನಮ್ಮ ಕೋಲಾರ ಜಿಲ್ಲೆಯೊಳಗೇ ಇದ್ದ ಚಿಕ್ಕಬಳ್ಳಾಪುರದ ಕಡೆಯವರು. 16ನೇ ವಯಸ್ಸಿಗೆ ತಮಟೆ ಹಿಡಿದರು. ಬಡತನ, ಜಾತಿ ಎರಡೂ ಬೆನ್ನಿಗಿದ್ದವು; ತಮಟೆ ಬಿಡಲಿಲ್ಲ. 2023ರಲ್ಲಿ, 72ನೇ ವಯಸ್ಸಿಗೆ, ಪದ್ಮಶ್ರೀ ಬಂತು.

ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸಿ, ಬಿಗಿ ನೋಡಿ, ಎರಡು ಕಡ್ಡಿಗಳಲ್ಲಿ ಗತ್ತು ಹುಟ್ಟಿಸುವುದು ವಿದ್ಯೆಯಲ್ಲವೇ? ಕಿವಿಯಲ್ಲೇ ಇದನ್ನು ಕಲಿತ ನಮ್ಮಪ್ಪಂದಿರನ್ನು ಯಾವ ಸಂಗೀತ ಸಭೆ ವಿದ್ವಾಂಸರೆಂದು ಕರೆಯಿತು?

ಒಂದು ಪ್ರಶಸ್ತಿಯಿಂದ ಕೇರಿ ಬದಲಾಗದು. ಕರೆದಾಗ ಹೋಗಲೇಬೇಕೆಂಬುದು ಬಿಟ್ಟಿ ಚಾಕರಿ. ಮನಸ್ಸಿಟ್ಟು, ಕೂಲಿ ಕೇಳಿ, ಮೆರವಣಿಗೆಯ ಮುಂದೆ ನಿಂತು ಬಡಿಯುವುದು ಕಲೆ. ಸುಡಬೇಕಾದದ್ದು ಚಾಕರಿಯನ್ನು, ತಮಟೆಯನ್ನಲ್ಲ. ಮೇಷ್ಟ್ರುಗಳೇ, ಶಾಲೆಯಲ್ಲಿ ತಮಟೆ ಕಲಿಸಿ. ಕೇರಿಯ ಮಕ್ಕಳಿಗಷ್ಟೇ ಅಲ್ಲ, ಊರ ಮಕ್ಕಳಿಗೂ.