ನೀರು ಬಡೀರಿ, ಭಾವಾ!

ಕತ್ತಲಲ್ಲಿ ಕಡಲಿನ ಹತ್ತಿರ ಹೋದವರಿಗೆ ಅಲೆ ಮೊದಲು ಕಿವಿಗೆ ಸಿಗುತ್ತದೆ, ಕಣ್ಣಿಗೆ ಆಮೇಲೆ. ಆ ರಾತ್ರಿ ಸಸಿಹಿತ್ಲಿನ ಅಳಿವೆಯಲ್ಲಿ ಅದು ತಿರುವುಮುರುವಾಯಿತು. ಬೆನ್ನ ಹಿಂದಿನಿಂದ ಬೀಸುತ್ತಿದ್ದ ಮೂಡುಗಾಳಿ ಸದ್ದನ್ನೆಲ್ಲ ಕಡಲಿಗೇ ಅಟ್ಟುತ್ತಿತ್ತು. ನಮ್ಮ ಕಯಾಕಿನ ಮುಂದೆ ನೀಲಿ ಗೆರೆಯೊಂದು ಬಲದಿಂದ ಎಡಕ್ಕೆ ಸರ್ರನೆ ಓಡಿ ಆರಿತು. ಮತ್ತೊಂದು. ಅದರ ಹಿಂದೆ ಇನ್ನೊಂದು.

"ಆಹಾ, ನೋಡೋ!" ಎಂದರು ಮುಂದೆ ಕೂತಿದ್ದ ಭಾವ.

ಪಕ್ಕದಲ್ಲಿ ಒಂಟಿ ಕಯಾಕಿನಲ್ಲಿದ್ದ ಮೊಗವೀರರ ಹುಡುಗ ಹುಟ್ಟು ಹಾಕುವುದನ್ನು ನಿಲ್ಲಿಸಿದ. "ಅಣ್ಣಾ, ಹಿಂದೆ ತಿರ್ಗಿಸಿ" ಎಂದ. "ಅದು ಅಳಿವೆಯ ದಿಬ್ಬ. ಅಲೆ ಒಡೀತಾ ಉಂಟು."

ತಿರುಗಿಸಲು ನಮಗಿದ್ದ ಜಾಗ ಅಷ್ಟರಲ್ಲೇ ಕರಗಿಹೋಗುತ್ತಿತ್ತು.

ಸಸಿಹಿತ್ಲು ಮಂಗಳೂರಿನಿಂದ ಉತ್ತರಕ್ಕೆ, ಮೂಲ್ಕಿಯ ಮಗ್ಗುಲಲ್ಲಿದೆ. 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ನಡೆದದ್ದು ಇಲ್ಲೇ. ಅಲೆಗೆ ಹೆಸರಾದ ಊರು. ನಂದಿನಿ ಹೊಳೆ ಕಡಲಿನ ಪಕ್ಕಕ್ಕೇ ಬಂದರೂ ನೇರ ಕಡಲಿಗೆ ಬೀಳುವುದಿಲ್ಲ. ನಡುವೆ ಮರಳಿನ ಕಿರಿದಾದ ಪಟ್ಟಿಯೊಂದನ್ನು ಬಿಟ್ಟು ಉತ್ತರಕ್ಕೆ ಹರಿದು, ಶಾಂಭವಿಯನ್ನು ಕೂಡಿಕೊಂಡು, ಇಬ್ಬರೂ ಒಂದೇ ಬಾಯಿಂದ ಹೊರಗೆ ಹೋಗುತ್ತಾರೆ. ಎರಡು ಹೊಳೆಯ ನೀರಿಗೆ ಒಂದೇ ಬಾಗಿಲು. ಇಳಿತ ಹಿಡಿದಾಗ ಆ ಬಾಗಿಲಲ್ಲಿ ಎಂಥ ನೂಕುನುಗ್ಗಲು ಇರುತ್ತದೆಂದು ದಡದಲ್ಲಿ ನಿಂತವರಿಗೆ ಗೊತ್ತಾಗುವುದಿಲ್ಲ.

2020ರ ನವೆಂಬರಿನಲ್ಲಿ ಮಲ್ಪೆ ಪಡುಕೆರೆ, ಮಟ್ಟು ಕಡೆಯ ಕಡಲು ರಾತ್ರಿ ಹೊತ್ತು ನೀಲಿಯಾಗಿ ಹೊಳೆದ ಚಿತ್ರಗಳು ಎಲ್ಲರ ಫೋನಿಗೂ ಬಂದಿದ್ದವು. ಅಂದಿನಿಂದ ನವೆಂಬರ್ ಬಂತೆಂದರೆ ಹಾಸನದಿಂದ ಭಾವನ ಫೋನು ತಪ್ಪುತ್ತಿರಲಿಲ್ಲ: "ಬೆಳಕು ಬಂತಾ?" ಈ ವರ್ಷ ಬಂದಿತ್ತು. ದಿನ ಆರಿಸಿದವನು ಹುಡುಗ. ಕೃಷ್ಣ ಏಕಾದಶಿ. ಚಂದ್ರ ಬೆಳಗಿನ ಜಾವಕ್ಕಲ್ಲದೆ ಏಳುವುದಿಲ್ಲ, ಭರತ ರಾತ್ರಿ ಎಂಟರ ಹೊತ್ತಿಗೆ ತುಂಬುತ್ತದೆ. ತಿಥಿ ಹೇಳಿದರೆ ಸಾಕು, ನೀರು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ಈ ಕರಾವಳಿಯ ಮೀನುಗಾರರ ಮನೆಯಲ್ಲಿ ಲೆಕ್ಕ ಸಿದ್ಧವಿರುತ್ತದೆ. ಉಪ್ಪುನೀರು ಹೊಳೆಯೊಳಗೆ ಬಂದರೆ ಬೆಳಕೂ ಬರುತ್ತದೆ ಎನ್ನುವುದು ಅವನ ಲೆಕ್ಕ.

ಲೆಕ್ಕ ಸರಿಯಾಗಿಯೇ ಇತ್ತು. ಕಾಂಡ್ಲಾ ಗಿಡಗಳ ನೆರಳಿನಲ್ಲಿ ಹುಟ್ಟು ಅದ್ದಿದ ಕಡೆಯೆಲ್ಲ ನೀಲಿ ಸುಳಿ. ಬೆರಳು ಇಳಿಬಿಟ್ಟರೆ ಐದು ಗೆರೆ. ಬೆದರಿದ ಮೀನೊಂದು ಕಯಾಕಿನ ಕೆಳಗೆ ಬಾಣದಂತೆ ಹೋಯಿತು. ಮೀನು ಕಾಣಲಿಲ್ಲ, ಅದು ಹೋದ ದಾರಿ ಕಂಡಿತು.

ನಾಕ್ಟಿಲುಕಾ ಸಿಂಟಿಲಾನ್ಸ್ ಎಂಬ ಏಕಕೋಶ ಜೀವಿಯ ಕೆಲಸ ಇದು. ಬೆಂದ ಸಾಬಕ್ಕಿ ಕಾಳಿನ ಹಾಗೆ ಗುಂಡಗೆ, ಪಾರದರ್ಶಕ. ಗಾತ್ರ ಮಾತ್ರ ಹೆಚ್ಚೆಂದರೆ ಎರಡು ಮಿಲಿಮೀಟರ್. ಅದಕ್ಕೆ ಏನಾದರೂ ತಾಗಿದರೆ ಅಥವಾ ಸುತ್ತಲ ನೀರು ಕದಡಿದರೆ, ಕೋಶದೊಳಗಿನ ಸಣ್ಣ ಸಣ್ಣ ಚೀಲಗಳಲ್ಲಿ ಆಮ್ಲತೆ ಏರುತ್ತದೆ, ಲೂಸಿಫೆರಿನ್ ಎಂಬ ವಸ್ತು ಲೂಸಿಫೆರೇಸ್ ಕಿಣ್ವದ ನೆರವಿನಿಂದ ಆಮ್ಲಜನಕದೊಡನೆ ಸೇರುತ್ತದೆ, ಒಂದು ಮಿಂಚು ಹೊರಡುತ್ತದೆ. ಸೆಕೆಂಡಿನ ಹತ್ತನೆಯ ಒಂದು ಪಾಲಿನಷ್ಟು ಹೊತ್ತು, ಅಷ್ಟೆ. ಅಲುಗಿದರೆ ಬೆಳಕು, ಅಲುಗದಿದ್ದರೆ ಬರೀ ನೀರು. ಮುಂದೆ ನಡೆದದ್ದೆಲ್ಲ ಇದರ ಮೇಲೆಯೇ ನಿಂತಿತ್ತು.

ಎಂಟೂವರೆ ದಾಟಿದ ಮೇಲೆ ಇಳಿತ ಹಿಡಿಯಿತು. ಹೊಳೆಯೊಳಗಿನ ಹೊಳಪು ಮಂಕಾಗುತ್ತ ಬಂತು, ಅಳಿವೆಯ ಕಡೆ ದಟ್ಟವಾಯಿತು. ಬೆಳಕು ಹೋದತ್ತ ನಾವೂ ಹೋದೆವು. ಹುಟ್ಟು ಹಾಕಬೇಕಾಗಿಯೇ ಇರಲಿಲ್ಲ, ನೀರೇ ಒಯ್ಯುತ್ತಿತ್ತು.

ಈಗ ಆ ನೀರಿಗೆ ಎದುರಾಗಿ ತಿರುಗಬೇಕಿತ್ತು. ಜೋಡಿ ಕಯಾಕ್ ಉದ್ದ, ಒಂದೇ ಏಟಿಗೆ ತಿರುಗುವಂಥದ್ದಲ್ಲ. ಅರ್ಧ ತಿರುಗುವಷ್ಟರಲ್ಲಿ ಇಳಿತ ನಮ್ಮನ್ನು ಅಡ್ಡಲಾಗಿ ಎಳೆದುಕೊಂಡು ಬಾಗಿಲು ದಾಟಿಸಿತು. ಒಳಗಿನಿಂದ ಹೊರಡುವ ಹೊಳೆ, ಹೊರಗಿನಿಂದ ಬರುವ ಅಲೆ ಎದುರುಬದುರಾದಲ್ಲಿ ನೀರು ಗೋಡೆಯಾಗಿ ಎದ್ದು ನಿಲ್ಲುತ್ತದೆ. ಎದ್ದು ನಿಂತ ಗೋಡೆಯ ತಲೆ ನೀಲಿಯಾಗಿ ಉರಿಯಿತು. ಭಾವನ ಬೆನ್ನು, ಅವರ ಲೈಫ್ ಜಾಕೆಟ್ಟಿನ ಪಟ್ಟಿ, ನನ್ನ ಮೊಣಕಾಲು ಎಲ್ಲವೂ ಒಂದು ಕ್ಷಣ ಕಂಡವು. ಮರುಕ್ಷಣ ಆಕಾಶ ಕೆಳಗಿತ್ತು.

ನೀರಿನೊಳಗೆ ಕಣ್ಣು ಬಿಟ್ಟೆ. ಕಿಡಿಗಳ ಜಾತ್ರೆ. ಯಾವುದು ಮೇಲೆ, ಯಾವುದು ಕೆಳಗೆ ಗೊತ್ತಾಗಲಿಲ್ಲ. ಜಾಕೆಟ್ಟಿಗೆ ಗೊತ್ತಿತ್ತು, ಎಳೆದು ಮೇಲೆ ತಂದಿತು. ಮೂಗು ಬಾಯಿಯೆಲ್ಲ ಉಪ್ಪು. ಕೈಗೆ ಸಿಕ್ಕಿದ್ದು ಕವುಚಿದ ಕಯಾಕ್. ಇನ್ನೊಂದು ಕೈಯಲ್ಲಿ ಅದು ಹೇಗೆ ಉಳಿಯಿತೋ, ನನ್ನ ಹುಟ್ಟು. ಭಾವ ಇರಲಿಲ್ಲ.

"ಭಾವಾ!"

ಮತ್ತೊಂದು ಅಲೆ ತಲೆಯ ಮೇಲೆ ಹೋಯಿತು.

"ಇಲ್ಲೇ ಇದೀನಿ ಕಣೋ..." ದನಿ ಎಡದಿಂದಲೋ ಬಲದಿಂದಲೋ. ಗಾಳಿ ಅದನ್ನು ತುಂಡು ಮಾಡಿ ಹಂಚುತ್ತಿತ್ತು. ಆಗ ಕಂಡಿತು: ದಿಬ್ಬದ ಆಚೆ ಕೈಕಾಲು ಬಡಿಯುತ್ತಿದ್ದ ಒಂದು ನೀಲಿ ಆಕಾರ. ಎರಡು ತೋಳು, ನಡುವೆ ಕರಿಯ ತಲೆ. ಅತ್ತ ಕಾಲು ಬಡಿದೆ. ಇನ್ನೇನು ಹತ್ತಿರವಾಯಿತು ಎನ್ನುವಾಗ ಆಕಾರ ಆರಿಹೋಯಿತು.

ಹೊಟ್ಟೆಯೊಳಗೆ ಕಲ್ಲು ಬಿದ್ದಂತಾಯಿತು. ಆಮೇಲೆ ಹೊಳೆಯಿತು. ಹೊರಡುವ ಮುಂಚೆ ದಡದಲ್ಲಿ ನಮಗೆ ಹೇಳಿಕೊಟ್ಟಿದ್ದರು: ನೀರಿಗೆ ಬಿದ್ದರೆ ಒದ್ದಾಡಬೇಡಿ, ಸುಮ್ಮನೆ ಬೆನ್ನ ಮೇಲೆ ತೇಲಿ. ಭಾವ ಶಾಲೆಯಲ್ಲಿ ಗಣಿತ ಕಲಿಸುವವರು, ಹೇಳಿದ ಪಾಠವನ್ನು ಹೇಳಿದಂತೆ ಮಾಡುವವರು. ಅವರು ಸುಮ್ಮನೆ ತೇಲುತ್ತಿದ್ದರು. ಅಲುಗದ ಮನುಷ್ಯ ಆ ನೀರಿನಲ್ಲಿ ಇಲ್ಲದ ಮನುಷ್ಯ.

"ನೀರು ಬಡೀರಿ, ಭಾವಾ! ಬಡೀರಿ!"

"ಸುಮ್ನಿರು ಅಂದಿದ್ದ್ರಲ್ಲೋ..."

"ಬಡೀರಿ ಅಂದೆ!"

ಅಂಗೈ ನೀರಿಗೆ ಬಿತ್ತು. ನೀಲಿ ಚಪ್ಪಾಳೆ. ಇನ್ನೊಂದು. ಅದನ್ನೇ ಗುರಿ ಹಿಡಿದು ಹೋದೆ. ಹುಡುಗನೂ ಅದನ್ನೇ ನೋಡಿ ಬಂದ, ತನ್ನ ಕಯಾಕನ್ನು ನಮ್ಮದಕ್ಕೆ ಒತ್ತಿ ಹಿಡಿದ. ಇಬ್ಬರೂ ಒಂದೇ ಬದಿಯಿಂದ ಜಗ್ಗಿ ಕಯಾಕನ್ನು ನೆಟ್ಟಗೆ ಮಗುಚಿದೆವು. ನಾನು ಆಚೆ ಬದಿಯಲ್ಲಿ ಜೋತುಬಿದ್ದು ತೂಕ ಕೊಟ್ಟೆ, ಭಾವ ಹೊಟ್ಟೆಯ ಮೇಲೆ ಎಳೆದುಕೊಂಡು ಹತ್ತಿದರು. ಹತ್ತಿದವರು ಮಾಡಿದ ಮೊದಲ ಕೆಲಸ ಕನ್ನಡಕ ಹುಡುಕಿದ್ದು. ಅದು ದಾರದಲ್ಲಿ ಕುತ್ತಿಗೆಗೇ ನೇತಾಡುತ್ತಿತ್ತು.

ಈಗ ನಾವು ಕಡಲಿನಲ್ಲಿದ್ದೆವು. ಕಡಲಿನ ಹತ್ತಿರ ಅಲ್ಲ, ಕಡಲಿನಲ್ಲಿ. ದಕ್ಷಿಣಕ್ಕೆ ಪಣಂಬೂರಿನ ಹೊರಗೆ ಲಂಗರು ಹಾಕಿದ ಹಡಗುಗಳ ದೀಪ. ಪೂರ್ವಕ್ಕೆ, ದಡದ ಗಾಳಿಮರಗಳ ಮೇಲೆ ಮೃಗಶಿರ ಎದ್ದಿತ್ತು. ಆ ನಕ್ಷತ್ರವಿರುವ ದಿಕ್ಕೇ ನೆಲ. ಆದರೆ ಇಳಿತವೂ ಮೂಡುಗಾಳಿಯೂ ಸೇರಿ ನಮ್ಮನ್ನು ನೂಕುತ್ತಿದ್ದದ್ದು ಪಡುವಣಕ್ಕೆ. ಇಬ್ಬರಿಗೆ ಒಂದು ಹುಟ್ಟು.

ದಡದ ಕಡೆ ನೋಡಿದರೆ ದಿಬ್ಬದ ಉದ್ದಕ್ಕೂ ನೀಲಿ ಗೆರೆಗಳು ಏಳುತ್ತ ಬೀಳುತ್ತ ಇದ್ದವು. ಅವುಗಳ ನಡುವೆ ಒಂದೇ ಒಂದು ಕಡೆ ಅಗಲವಾದ ಕಪ್ಪು ಜಾಗ. ಅಲೆ ಇಲ್ಲ, ಮಿಂಚು ಇಲ್ಲ, ತೆರೆದಿಟ್ಟ ಗೇಟಿನಂತೆ ಶಾಂತ. ಭಾವ ಅತ್ತಲೇ ಕೈ ತೋರಿಸಿದರು. ಯಾರಾದರೂ ಅತ್ತಲೇ ತೋರಿಸುತ್ತಿದ್ದರು.

"ಬೇಡ ಮಾರಾಯ್ರೆ, ಅದೇ ಹೊಳೆ ಬರುವ ದಾರಿ" ಎಂದ ಹುಡುಗ. "ಅಲ್ಲಿ ಆಳ ಉಂಟು, ಅದಕ್ಕೇ ಅಲೆ ಒಡೆಯುವುದಿಲ್ಲ. ರಾತ್ರಿಯಿಡೀ ಹುಟ್ಟು ಹಾಕಿದ್ರೂ ಅದು ಹೊರಗೇ ನೂಕ್ತದೆ. ಬೆಳಕಿನ ಕಡೆಗೇ ಹೋಗ್ಬೇಕು."

ಅಲೆ ಒಡೆಯುವುದು ನೀರು ತೆಳುವಾದಲ್ಲಿ, ಎಂದರೆ ನೆಲ ಕಾಲಿಗೆ ಹತ್ತಿರವಿದ್ದಲ್ಲಿ. ಬೆಳಕು ಭಯ ಹುಟ್ಟಿಸುತ್ತಿದ್ದ ಜಾಗವೇ ಬದುಕುವ ಜಾಗ. ಗೊತ್ತಿದ್ದೂ ಅದರೊಳಕ್ಕೆ ಹೋಗಲು ಮೈ ಒಪ್ಪುವುದಿಲ್ಲ. ಹುಡುಗ ಮೂಡಣಕ್ಕೆ ಎದುರು ಗುದ್ದಾಡಲಿಲ್ಲ. ದಡಕ್ಕೆ ಸಮನಾಗಿ, ಹಡಗುಗಳ ದೀಪದ ಕಡೆಗೆ, ದಕ್ಷಿಣಕ್ಕೆ ಹೊರಟ. ಹಗ್ಗದಿಂದ ನಮ್ಮನ್ನು ಕಟ್ಟಿಕೊಳ್ಳಲೂ ಇಲ್ಲ. ಅಲೆಯಲ್ಲಿ ಹಗ್ಗ ಕೊರಳಿಗೆ ಸುತ್ತಿದರೆ ಕಷ್ಟ. ನಾನು ಅವನ ಕಯಾಕಿನ ಹಿಂದೆ ಉಳಿಯುತ್ತಿದ್ದ ನೀಲಿ ಗೀರನ್ನು ಹಿಡಿದು ಹುಟ್ಟು ಹಾಕಿದೆ. ಭಾವ ಅಂಗೈಗಳಲ್ಲೇ ನೀರು ತೋಡುತ್ತಿದ್ದರು. ಭುಜ ಉರಿಯಿತು, ಆಮೇಲೆ ಮರಗಟ್ಟಿತು. ಮೂಡುಗಾಳಿ ನಿಲ್ಲಲಿಲ್ಲ. ಆದರೆ ಯಾವುದೋ ಒಂದು ಹಂತದಲ್ಲಿ ಹೊಳೆಯ ಎಳೆತ ಕೈಬಿಟ್ಟಿತು. ಹಾಕಿದ ಹುಟ್ಟಿಗೆ ಹಾಕಿದಷ್ಟು ದೂರ ಸಿಗತೊಡಗಿತು.

"ಈಗ ಎಡಕ್ಕೆ! ಅಲೆಯ ಬೆನ್ನು ಹಿಡೀರಿ, ತಲೆ ಬೇಡ!"

ಒಂದು ಅಲೆ ನಮ್ಮಡಿಯಿಂದ ಹಾದು ಮುಂದೆ ಹೋಗಿ ಒಡೆಯಿತು. ಅದರ ಹಿಂದೆಯೇ ನುಗ್ಗಿದೆವು. ಎರಡನೆಯದು ಹಿಂದಿನಿಂದ ಬಂದು ಎತ್ತಿತು. ಕಯಾಕಿನ ಮೂತಿ ಕೆಳಗಾಯಿತು, ಎರಡೂ ಬದಿಯಿಂದ ನೀಲಿ ನೊರೆ ಎದೆಮಟ್ಟ ಹಾರಿತು, ಭಾವ ಏನೋ ಕೂಗಿದರು. ಮತ್ತೆ ಅಡ್ಡ ತಿರುಗಿದೆವು. ಮತ್ತೆ ಮಗುಚಿದೆವು. ಈ ಸಲ ಬಿದ್ದದ್ದು ಮರಳಿನ ಮೇಲೆ, ಮೊಣಕಾಲುದ್ದದ ನೀರಿನಲ್ಲಿ, ಒಬ್ಬರ ಮೇಲೊಬ್ಬರು.

ದಡದಲ್ಲಿ ಬೀಸುಬಲೆ ಹೆಗಲಿಗೇರಿಸಿಕೊಂಡ ಅಜ್ಜ ಒಬ್ಬರು ಟಾರ್ಚು ಹಿಡಿದು ಓಡಿ ಬಂದರು. ಹುಡುಗನಿಗೆ ತುಳುವಿನಲ್ಲಿ ಸಿಕ್ಕಾಪಟ್ಟೆ ಬೈದರು. ನಮಗೆ ಕನ್ನಡದಲ್ಲಿ, ಸ್ವಲ್ಪ ಮರ್ಯಾದೆಯಿಂದ. ಅವರ ಚೀಲ ಖಾಲಿಯಿತ್ತು. ಈ ನೀರು ಬಂದಾಗ ಬಲೆಯೂ ಹೊಳೆಯುತ್ತದೆ, ಮೀನು ನೋಡಿಕೊಂಡೇ ತಪ್ಪಿಸಿಕೊಳ್ಳುತ್ತದೆ ಎಂದರು. ಅವರ ಮಾತಿಗೆ ಇನ್ನೊಂದು ತುದಿಯೂ ಇದೆ. ನಾಕ್ಟಿಲುಕಾ ತನ್ನೊಳಗೆ ಅಮೋನಿಯಾ ತುಂಬಿಕೊಂಡಿರುತ್ತದೆ, ಹೆಚ್ಚಿನ ಮೀನುಗಳಿಗೆ ಅದು ಊಟವಲ್ಲ. ಅರಬ್ಬಿ ಸಮುದ್ರದಲ್ಲಿ ಹಸಿರು ಪಾಚಿಯನ್ನು ಹೊಟ್ಟೆಯಲ್ಲಿಟ್ಟು ಸಾಕುವ ಇದರದೇ ಬಗೆಯೊಂದು ಚಳಿಗಾಲಗಳಲ್ಲಿ ಹಬ್ಬುತ್ತಿರುವುದಕ್ಕೂ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತಿರುವುದಕ್ಕೂ ನಂಟಿದೆ ಎಂದು ಹೆಲ್ಗಾ ಗೋಮ್ಸ್, ಜೊವಾಕಿಂ ಗೋಯಸ್ ಮತ್ತು ಸಂಗಡಿಗರು 2014ರಲ್ಲಿ ಬರೆದರು. ಅಜ್ಜನ ಖಾಲಿ ಚೀಲದ ಎದುರು ನಮ್ಮ ಫೋಟೋದ ಆಸೆ ಸಣ್ಣದಾಗಿ ಕಂಡಿತು.

ಮರಳುಪಟ್ಟಿಯ ಈಚೆ ಕಡಲು, ಆಚೆ ಹೊಳೆ. ಎರಡು ಕಯಾಕುಗಳನ್ನು ಗಾಳಿಮರಗಳ ನಡುವೆ ಎಳೆದುಕೊಂಡು ದಾಟಿಸಿದೆವು, ಅಜ್ಜನೂ ಕೈ ಹಾಕಿದರು. ಭಾವನ ಬೆರಳು ನಡುಗುತ್ತಿತ್ತು. "ನಿಮ್ಮಕ್ಕಂಗೆ ಹೇಳ್ಬೇಡ" ಎಂದರು, ಕನ್ನಡಕ ಒರೆಸುತ್ತ.

"ಹೇಳಲ್ಲ ಭಾವಾ."

"ಒಂದು ಹುಟ್ಟು ಹೋಯ್ತಲ್ಲ ಸಾರ್" ಎಂದ ಹುಡುಗ, ಸಂಕೋಚದಿಂದ. "ಅದಕ್ಕೆ ದುಡ್ಡು ಕೊಡ್ಬೇಕಾಗ್ತದೆ."

ಭಾವ ಒದ್ದೆ ಜೇಬಿಗೆ ಕೈ ಹಾಕಿದರು.