43 ದಿನಗಳ ಹಟ

ಅಮೆರಿಕದಲ್ಲಿ ಸರ್ಕಾರ ‘ಬಂದ್’ ಆಗೋದು ಅಂದ್ರೇನು ಅಂತ ಅಮ್ಮನಿಗೆ ಫೋನಿನಲ್ಲಿ ಅರ್ಥ ಮಾಡಿಸೋಕೆ ನನಗೆ ಒಂದು ವಾರ ಬೇಕಾಯ್ತು. ಬಂದ್ ಅಂದ ಕೂಡಲೇ ತುಮಕೂರಿನಲ್ಲಿರೋ ಅಮ್ಮನ ಕಣ್ಣಮುಂದೆ ಬರೋದು ಮುಚ್ಚಿದ ಅಂಗಡಿ, ನಿಂತ ಬಸ್ಸು, ಸರ್ಕಲ್‌ನಲ್ಲಿ ಉರಿಯೋ ಟೈರು. “ಹೊರಗೆಲ್ಲೂ ಹೋಗ್ಬೇಡ ಕಣೋ, ಹಾಲು ತರಕಾರಿ ತಂದಿಟ್ಕೊಂಡಿದ್ದೀಯಾ?” ಅಂದ್ಲು. ಇಲ್ಲಿ ವರ್ಜೀನಿಯಾದಲ್ಲಿ ಅಂಗಡಿ ತೆರೆದೇ ಇತ್ತು, ಬಸ್ಸೂ ಓಡ್ತಿತ್ತು. ನಿಂತಿದ್ದು ಸರ್ಕಾರಿ ನೌಕರರ ಸಂಬಳ.

ನಮ್ಮಲ್ಲಿ ಬಜೆಟ್ಟು ಲೋಕಸಭೆಯಲ್ಲಿ ಬಿದ್ದರೆ ಸರ್ಕಾರವೇ ಬಿದ್ದ ಹಾಗೆ. ಬಜೆಟ್ ಪಾಸಾಗೋದು ತಡವಾಗುತ್ತೆ ಅಂತಾದರೆ ಲೇಖಾನುದಾನ ಅನ್ನೋ ದಾರಿ ಇದೆ. ಹಾಗಾಗಿ ಸರ್ಕಾರ ಇದ್ದೂ ಅದರ ಕೈಲಿ ಖರ್ಚಿಗೆ ಕಾಸಿಲ್ಲ ಅನ್ನೋ ಸ್ಥಿತಿ ನಮಗೆ ಹೊಸದು. ಇಲ್ಲಿ ಅಧ್ಯಕ್ಷರು ಕುರ್ಚಿಯಲ್ಲೇ ಇರ್ತಾರೆ, ಖರ್ಚಿಗೆ ಸಂಸತ್ತಿನ ಅನುಮತಿ ಮಾತ್ರ ಇರೋದಿಲ್ಲ. ಹಣಕಾಸು ವರ್ಷ ಮುಗಿಯೋದು ಸೆಪ್ಟೆಂಬರ್ 30ಕ್ಕೆ. ಸೆನೆಟ್‌ನಲ್ಲಿ ಇಂಥ ಮಸೂದೆ ಮುಂದೆ ಹೋಗಬೇಕಾದರೆ 100ರಲ್ಲಿ 60 ಮತ ಬೇಕು. ರಿಪಬ್ಲಿಕನ್ನರ ಬಳಿ ಇದ್ದದ್ದು 53. ಅಧ್ಯಕ್ಷ ಪದವಿ, ಎರಡೂ ಸದನಗಳ ಬಹುಮತ, ಎಲ್ಲವನ್ನೂ ಕಳೆದುಕೊಂಡಿದ್ದ ಡೆಮಾಕ್ರಟರ ಕೈಲಿ ಉಳಿದಿದ್ದ ಒಂದೇ ಹಿಡಿ ಅಂದ್ರೆ ಆ ಏಳು ಮತಗಳ ಕೊರತೆ. 2025ರ ಮಾರ್ಚ್‌ನಲ್ಲಿ ಇದೇ ಸಂದರ್ಭ ಬಂದಾಗ ಅವರ ಸೆನೆಟ್ ನಾಯಕ ಚಕ್ ಶೂಮರ್ ಮತ್ತು ಕೆಲವರು ಬಿಟ್ಟುಕೊಟ್ಟಿದ್ದರು. ಸ್ವಂತ ಪಕ್ಷದವರೇ ಅವರನ್ನು ಹಿಗ್ಗಾಮುಗ್ಗಾ ಬೈದಿದ್ದರು. ಅಕ್ಟೋಬರ್‌ನಲ್ಲಿ ಅವರು ಬಿಗಿಯಾಗಿ ನಿಂತದ್ದಕ್ಕೆ ಆ ಬೈಗುಳವೂ ಒಂದು ಕಾರಣ.

ಅವರ ಬೇಡಿಕೆ ಮುಖ್ಯವಾಗಿ ಆರೋಗ್ಯ ವಿಮೆಯದ್ದು. ಕಂಪನಿಯಿಂದ ವಿಮೆ ಸಿಗದವರು, ಅಂದ್ರೆ ಸಣ್ಣ ವ್ಯಾಪಾರಸ್ಥರು, ಟ್ಯಾಕ್ಸಿ ಓಡಿಸೋರು, ಹೊಲ ಮಾಡೋರು, ‘ಒಬಾಮಾಕೇರ್’ ಮಾರುಕಟ್ಟೆಯಲ್ಲಿ ವಿಮೆ ಕೊಳ್ತಾರೆ. ಕೋವಿಡ್ ಕಾಲದಲ್ಲಿ, 2021ರಲ್ಲಿ, ಅದರ ಸಬ್ಸಿಡಿ ಹೆಚ್ಚಿಸಿದ್ದರು. ಅದು 2025ರ ಕೊನೆಗೆ ಮುಗಿಯೋದಿತ್ತು. ಸುಮಾರು 2 ಕೋಟಿ 20 ಲಕ್ಷ ಜನಕ್ಕೆ ಸಿಗ್ತಿದ್ದ ನೆರವು ಇದು. ನಿಂತುಹೋದರೆ ಅವರು ಕೈಯಿಂದ ಕಟ್ಟೋ ಪ್ರೀಮಿಯಂ ವರ್ಷಕ್ಕೆ ಸರಾಸರಿ 888 ಡಾಲರ್‌ನಿಂದ 1,904 ಡಾಲರ್‌ಗೆ ಏರುತ್ತೆ ಅಂತ ಕೆಎಫ್‌ಎಫ್ ಸಂಸ್ಥೆ ಅಂದಾಜು ಮಾಡಿತ್ತು. ಇದನ್ನು ಮುಂದುವರಿಸಿ, ಆಮೇಲೆ ಮತ ಹಾಕ್ತೀವಿ ಅಂದ್ರು ಡೆಮಾಕ್ರಟರು. ಮೊದಲು ಸರ್ಕಾರ ತೆರೀರಿ, ಆಮೇಲೆ ಮಾತು ಅಂದ್ರು ರಿಪಬ್ಲಿಕನ್ನರು. ಅವರ ಮಾತಿನಲ್ಲೂ ಹುರುಳಿಲ್ಲದೆ ಇಲ್ಲ. ಕೋವಿಡ್‌ಗೆಂದು ತಂದ ನೆರವು ಎಂದೆಂದಿಗೂ ಇರಬೇಕಾ ಅನ್ನೋದು ನ್ಯಾಯವಾದ ಪ್ರಶ್ನೆಯೇ. ಆದರೆ ‘ಆಮೇಲೆ’ ಅನ್ನೋ ದಿನ ಎಂದೂ ಬರಲ್ಲ ಅನ್ನೋ ಅನುಮಾನವೂ ನ್ಯಾಯವಾದದ್ದೇ.

ಈಗ ನನ್ನ ಕಥೆ. ಸೆಪ್ಟೆಂಬರ್ 19ಕ್ಕೆ ನನ್ನ ಕಂಪನಿ ನಮ್ಮ ಟೀಮಿನ ಅರ್ಧ ಜನರನ್ನು ಮನೆಗೆ ಕಳಿಸಿತು, ಅದರಲ್ಲಿ ನಾನೂ ಒಬ್ಬ. ಎಚ್-1ಬಿ ವೀಸಾದಲ್ಲಿರೋರಿಗೆ ಗೊತ್ತು, ಅಲ್ಲಿಂದ 60 ದಿನದ ಗಡಿಯಾರ ಶುರು. ಅಷ್ಟರೊಳಗೆ ಇನ್ನೊಂದು ಕಂಪನಿ ನಮ್ಮ ಹೆಸರಲ್ಲಿ ಅರ್ಜಿ ಹಾಕಬೇಕು. ದೇವರ ದಯೆ, ತಿಂಗಳ ಕೊನೆಗೇ ಆಫರ್ ಸಿಕ್ತು. ಆದರೆ ಅರ್ಜಿಗೆ ಮುಂಚೆ ಕಾರ್ಮಿಕ ಇಲಾಖೆಯಿಂದ ಎಲ್‌ಸಿಎ ಅನ್ನೋ ಕಾಗದ ಬೇಕು. ಸಾಮಾನ್ಯವಾಗಿ ಏಳು ಕೆಲಸದ ದಿನಗಳಲ್ಲಿ ಬರುತ್ತೆ. ಅಕ್ಟೋಬರ್ 1ಕ್ಕೆ ಆ ವೆಬ್‌ಸೈಟೇ ಬಂದ್. ಇಲಾಖೆಗೆ ರಜೆ, ನನ್ನ ಗಡಿಯಾರಕ್ಕಿಲ್ಲ. ವಕೀಲರನ್ನು ಕೇಳಿದರೆ, “ವಿನಾಯಿತಿ ಕೇಳಬಹುದು, ಗ್ಯಾರಂಟಿ ಕೊಡಕ್ಕಾಗಲ್ಲ” ಅಂದ್ರು.

ಹಾಗಾಗಿ ಅಕ್ಟೋಬರ್ ಪೂರ್ತಿ ನನ್ನ ಪ್ರಾರ್ಥನೆ ಒಂದೇ: ಡೆಮಾಕ್ರಟರೋ ಟ್ರಂಪೋ, ಯಾರಾದರೊಬ್ಬರು ಬಗ್ಗಲಿ. ಅವರ ಬೇಡಿಕೆ ಸರಿ ಅಂತ ಮನಸ್ಸು ಒಪ್ಪಿದ್ದರೂ, ಬೆಳಿಗ್ಗೆ ಎದ್ದು ಮೊಬೈಲ್‌ನಲ್ಲಿ ‘ಮಸೂದೆಗೆ ಮತ್ತೆ ಸೋಲು’ ಅಂತ ಓದಿದಾಗ ಹೊಟ್ಟೆಯಲ್ಲಿ ಸಂಕಟ ಆಗ್ತಿತ್ತು. ಹತ್ತಕ್ಕೂ ಹೆಚ್ಚು ಸಲ ಅದೇ ಮಸೂದೆ ಬಂತು, ಬಿತ್ತು. ಕೆಳಮನೆಯಂತೂ ಸೆಪ್ಟೆಂಬರ್ 19ರ ನಂತರ ಮತ ಹಾಕೋಕೆ ಸೇರಲೇ ಇಲ್ಲ. ಆ ತಾರೀಕು ನನಗೆ ಮರೆಯೋ ಹಾಗೂ ಇಲ್ಲ ಬಿಡಿ.

ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಾಕೆ ಕೇಂದ್ರ ಸರ್ಕಾರದ ನೌಕರಳು. ಐವತ್ತು ದಾಟಿದೆ, ಒಬ್ಬರ ಸಂಬಳದಲ್ಲೇ ಮನೆ ನಡೀಬೇಕು. ಆರೇಳು ಲಕ್ಷ ನೌಕರರನ್ನು ಸಂಬಳವಿಲ್ಲದ ಕಡ್ಡಾಯ ರಜೆಯ ಮೇಲೆ ಕಳಿಸಿದ್ದರು, ಅವರಲ್ಲಿ ಈಕೆಯೂ ಒಬ್ಬರು. ಹೆಚ್ಚುಕಡಿಮೆ ಅಷ್ಟೇ ಮಂದಿ, ಏರ್‌ಪೋರ್ಟಿನಲ್ಲಿ ಬ್ಯಾಗ್ ತಪಾಸಣೆ ಮಾಡೋರು, ವಿಮಾನ ಇಳಿಸೋ ಕಂಟ್ರೋಲರ್‌ಗಳು, ಸಂಬಳವಿಲ್ಲದೆ ಕೆಲಸಕ್ಕೆ ಹೋಗ್ತಿದ್ದರು. ಬಾಕಿ ಸಂಬಳ ಕೊಡಲೇಬೇಕು ಅಂತ 2019ರ ಕಾನೂನಿದೆ. ಈ ಸಲ ಅದನ್ನೂ ಕೊಡ್ತೀವೋ ಇಲ್ಲವೋ ಅನ್ನೋ ಮಾತನ್ನು ಶ್ವೇತಭವನದವರು ತೇಲಿಬಿಟ್ಟರು. ಮೇಲಿಂದ ಸುಮಾರು 4,000 ಜನಕ್ಕೆ ವಜಾ ನೋಟಿಸ್ ಬೇರೆ. ಆಕೆ ಹತ್ತಿರದ ಚರ್ಚಿನ ಪಾರ್ಕಿಂಗ್ ಜಾಗದಲ್ಲಿ ಐಡಿ ಕಾರ್ಡ್ ತೋರಿಸಿ ದಿನಸಿ ಡಬ್ಬಿ ತಂದ ದಿನ ಲಿಫ್ಟಿನಲ್ಲಿ ಸಿಕ್ಕಿದ್ದರು. ಡಬ್ಬಿ ನಾನು ಎತ್ತಿಕೊಂಡೆ. ಇನ್ನಾದರೂ ಅವರು ಒಪ್ಪಿಕೊಂಡು ಸರ್ಕಾರ ತೆರೆಯಬಾರದಾ ಅಂತ ಕೇಳಿದೆ. ಆಕೆ ತಲೆ ಅಲ್ಲಾಡಿಸಿ, “ನಮ್ಮನ್ನು ತೋರಿಸಿ ಅವರು ಬಗ್ಗೋದು ಬೇಡ. ಈ ಸಲ ಬಗ್ಗಿದರೆ ಮುಂದಿನ ಸಲವೂ ನಮ್ಮ ಸಂಬಳವನ್ನೇ ಒತ್ತೆ ಇಡ್ತಾರೆ” ಅಂದ್ರು.

ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಯಾಕಂದ್ರೆ ನನಗೆ ಈ ಹಟದಲ್ಲಿ ಕಾಡ್ತಿದ್ದ ಸಂಗತಿ ಬೇರೆಯೇ ಇತ್ತು. ಸ್ಕೂಲಿನಿಂದ ನಾವು ಓದಿಕೊಂಡು ಬಂದಿರೋ ಸತ್ಯಾಗ್ರಹದಲ್ಲಿ ಉಪವಾಸ ಕೂತವನ ಹೊಟ್ಟೆಯೇ ಖಾಲಿ ಇರುತ್ತೆ. ಇಲ್ಲಿ ಸೆನೆಟರ್‌ಗಳ ಸಂಬಳ ನಿಲ್ಲೋದಿಲ್ಲ. ಉಪವಾಸ ಪೂರ್ತಿ ಬೇರೆಯವರದ್ದು. ಅದಲ್ಲದೆ ಸತ್ಯಾಗ್ರಹ ನಡೆಯೋದು ಎದುರಿನವನಿಗೆ ನಾಚಿಕೆ ಆಗುತ್ತೆ ಅನ್ನೋ ನಂಬಿಕೆ ಮೇಲೆ. ಇಲಾಖೆಗಳು ಮುಚ್ಚಿದರೆ ಒಳ್ಳೇದೇ ಆಯ್ತು ಅಂದುಕೊಳ್ಳೋ ಸರ್ಕಾರದ ಎದುರು ಇಲಾಖೆ ಮುಚ್ಚಿ ಹಟ ಹಿಡಿದರೆ?

ಹಿಂದೆ ಈ ಹಟ ಗೆದ್ದದ್ದೂ ಇದೆ, ಸೋತದ್ದೂ ಇದೆ. 2013ರಲ್ಲಿ ಇದೇ ರಿಪಬ್ಲಿಕನ್ನರು ಒಬಾಮಾಕೇರ್ ನಿಲ್ಲಿಸಿ ಅಂತ 16 ದಿನ ನಿಂತು ಬರಿಗೈಲಿ ಎದ್ದರು. 2018ರ ಕೊನೆಯಲ್ಲಿ ಗಡಿಗೋಡೆಗೆ 570 ಕೋಟಿ ಡಾಲರ್ ಬೇಕು ಅಂತ ಟ್ರಂಪ್ ಕೂತಾಗ, ಕೊಡಲ್ಲ ಅಂತ ನ್ಯಾನ್ಸಿ ಪೆಲೋಸಿ ಕಡೆಯವರು 35 ದಿನ ನಿಂತು ಗೆದ್ದರು. ಆಗ ಕೊಡಲ್ಲ ಅಂದವರು ಗೆದ್ದರು. ಈ ಸಲ ಡೆಮಾಕ್ರಟರು ಕೇಳೋ ಕಡೆಯಲ್ಲಿದ್ದರು. ಕೇಳೋನ ಹಟ ಕಷ್ಟದ್ದು. ಬೀಗ ಹಾಕಿದವರು ಅನ್ನೋ ಹೆಸರೂ ಅವನಿಗೇ ಬರೋ ಸಾಧ್ಯತೆ ಹೆಚ್ಚು.

ಆದರೆ ಜನ ಹಾಗೆ ನೋಡಿದಂತೆ ಕಾಣಲಿಲ್ಲ. ನವೆಂಬರ್ 4ರ ಚುನಾವಣೆಯಲ್ಲಿ, ಸರ್ಕಾರಿ ನೌಕರರೇ ತುಂಬಿರೋ ನಮ್ಮ ವರ್ಜೀನಿಯಾದಲ್ಲಿ ಡೆಮಾಕ್ರಟರ ಅಬಿಗೇಲ್ ಸ್ಪ್ಯಾನ್‌ಬರ್ಗರ್ ಗವರ್ನರ್ ಆಗಿ ಗೆದ್ದರು. ನ್ಯೂಜೆರ್ಸಿಯೂ ಅವರಿಗೇ. ಹಟಕ್ಕೆ ಬಲ ಬಂತು ಅಂತ ಎಲ್ಲರೂ ಅಂದುಕೊಂಡ ಐದೇ ದಿನಕ್ಕೆ ಅದು ಮುರೀತು.

ಆ ಹೊತ್ತಿಗೆ ನೋವು ಬೇರೆ ಕಡೆ ಹರಡಿತ್ತು. ನವೆಂಬರ್ 1ಕ್ಕೆ ಬರಬೇಕಾದ ‘ಸ್ನ್ಯಾಪ್’ ಹಣ, ಅಂದ್ರೆ ಇಲ್ಲಿನ ಬಡವರ ರೇಷನ್ ಕಾರ್ಡ್ ಅನ್ನಿ, ಬರಲಿಲ್ಲ. ಆಗ 4 ಕೋಟಿ 20 ಲಕ್ಷ ಜನ ಅದರ ಮೇಲೆ ಬದುಕ್ತಿದ್ದರು. ಕೋರ್ಟು ಕೊಡಿ ಅಂದ್ರೂ ಸರ್ಕಾರ ಸುಪ್ರೀಂ ಕೋರ್ಟ್‌ವರೆಗೆ ಹೋಯ್ತು. ನನ್ನ ಪ್ರಶ್ನೆಗೆ ಉತ್ತರ ಅಲ್ಲಿ ಸಿಕ್ತು, ನಾಚಿಕೆಯ ನಿರೀಕ್ಷೆ ಇಟ್ಟುಕೊಳ್ಳೋ ಹಾಗಿರಲಿಲ್ಲ. ನವೆಂಬರ್ 7ರಿಂದ 40 ಏರ್‌ಪೋರ್ಟ್‌ಗಳಲ್ಲಿ ವಿಮಾನಗಳನ್ನು ಕಡಿತ ಮಾಡಿದರು. 9ನೇ ತಾರೀಕು ಭಾನುವಾರ ರಾತ್ರಿ ಡೆಮಾಕ್ರಟರ ಗುಂಪಿನ ಎಂಟು ಸೆನೆಟರ್‌ಗಳು ಆಚೆ ದಾಟಿದರು. 60-40. ಆ ಎಂಟರಲ್ಲಿ ಒಬ್ಬರೂ 2026ರಲ್ಲಿ ಮತ ಕೇಳೋಕೆ ಹೋಗಬೇಕಾದವರಲ್ಲ ಅನ್ನೋದನ್ನ ಗಮನಿಸಿ.

ಅವರಲ್ಲೊಬ್ಬರು ನಮ್ಮ ರಾಜ್ಯದವರೇ, ಟಿಮ್ ಕೇನ್. ವಜಾ ನೋಟಿಸ್‌ಗಳು ವಾಪಸ್, ಜನವರಿ 30ರವರೆಗೆ ಹೊಸದಾಗಿ ವಜಾ ಇಲ್ಲ, ಬಾಕಿ ಸಂಬಳ ಖಚಿತ ಅನ್ನೋ ಮಾತು ಪಡೆದು ಅವರು ಹೌದು ಅಂದ್ರು. ಅದೇ ಪಕ್ಷದ, ಅದೇ ರಾಜ್ಯದ ಇನ್ನೊಬ್ಬ ಸೆನೆಟರ್ ಮಾರ್ಕ್ ವಾರ್ನರ್ ಇಲ್ಲ ಅಂದ್ರು. ಕೆಳಗಿನ ಮನೆಯಾಕೆಗೆ ಕೇನ್ ಮೇಲೆ ಇನ್ನೂ ಸಿಟ್ಟು. ಅವರ ಕೆಲಸ ಉಳಿಸಿದ ಮತಕ್ಕೆ ಅವರದ್ದೇ ಸಿಟ್ಟು! ನನಗೆ ಮಾತ್ರ ಕೇನ್ ಮಾಡಿದ್ದು ಸರಿ ಅನ್ನಿಸುತ್ತೆ. ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಇಳಿದರು. ತಪ್ಪಿದ್ದು ಪಕ್ಷದ್ದು. ಇಂಥ ದಿನ ಬಂದರೆ ಎಲ್ಲಿ ಇಳೀಬೇಕು ಅಂತ ಮೊದಲೇ ಕೂತು ಮಾತಾಡಿಕೊಳ್ಳದೆ, ಎಂಟು ಜನ ಒಂದು ಕಡೆ, ಮಿಕ್ಕವರು ಒಂದು ಕಡೆ ಆಗಿ, 40 ದಿನ ಹಿಡಿದಿದ್ದನ್ನು ಒಂದು ರಾತ್ರಿಯಲ್ಲಿ ಚೆಲ್ಲಿಕೊಂಡ ಹಾಗೆ ಕಂಡಿತು.

12ನೇ ತಾರೀಕು ಕೆಳಮನೆ 222-209ರಲ್ಲಿ ಒಪ್ಪಿತು, ಆ ರಾತ್ರಿಯೇ ಟ್ರಂಪ್ ಸಹಿ. ಒಟ್ಟು 43 ದಿನ, ಅಲ್ಲಿಯವರೆಗಿನ ಇಲ್ಲಿಯ ಇತಿಹಾಸದಲ್ಲೇ ಅತಿ ಉದ್ದ. ಕಾರ್ಮಿಕ ಇಲಾಖೆಯ ವೆಬ್‌ಸೈಟ್ ಅಕ್ಟೋಬರ್ ಕೊನೆಗೇ ತೆರೆದಿದ್ದರಿಂದ ನನ್ನ ಕಾಗದ ಹೇಗೋ ಬಂತು. ಗಡುವಿಗೆ ನಾಲ್ಕು ದಿನ ಇರೋವಾಗ ಅರ್ಜಿ ಹೋಯ್ತು. ಕೆಳಗಿನಾಕೆಗೆ ಬಾಕಿ ಸಂಬಳ ಸಿಕ್ತು.

ವಿಮೆಯ ವಿಷಯಕ್ಕೆ ಡೆಮಾಕ್ರಟರಿಗೆ ಸಿಕ್ಕಿದ್ದು ಡಿಸೆಂಬರ್‌ನಲ್ಲಿ ಒಂದು ಮತದಾನ ನಡೆಸ್ತೀವಿ ಅನ್ನೋ ಮಾತು. ಅದು 11ನೇ ತಾರೀಕು ನಡೀತು. ಪರ 51, ವಿರುದ್ಧ 48. ನಾಲ್ವರು ರಿಪಬ್ಲಿಕನ್ನರೂ ಪರ ಹಾಕಿದರು. ಬೇಕಿದ್ದದ್ದು 60.

ನಮ್ಮ ಕನ್ನಡದ ಬಳಗದಲ್ಲಿ ದಾವಣಗೆರೆ ಕಡೆಯ ಒಬ್ಬ ಅಣ್ಣ ಇದ್ದಾರೆ. ಮನೆ ಸಮಾರಂಭಗಳಿಗೆ ಅಡುಗೆ ಮಾಡಿಕೊಡೋದು ಅವರ ಕಸುಬು. ಅವರ ಬೆಣ್ಣೆದೋಸೆ ಇಲ್ಲದೆ ಇಲ್ಲಿ ರಾಜ್ಯೋತ್ಸವ ಆಗಲ್ಲ. ಗಂಡ ಹೆಂಡತಿ ಇಬ್ಬರು ಮಕ್ಕಳು, ಸಬ್ಸಿಡಿಯ ವಿಮೆ. ಆ ಶನಿವಾರ ಲ್ಯಾಪ್‌ಟಾಪ್ ಮುಂದೆ ಕೂತು ಅವರ ಮುಂದಿನ ವರ್ಷದ ಪ್ಲಾನ್ ಹುಡುಕಿಕೊಟ್ಟೆ. ಮೊತ್ತ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಮಕ್ಕಳಿಬ್ಬರದ್ದು ಮಾಡ್ಸಪಾ. ನಮ್ಮಿಬ್ಬರದ್ದು ನೋಡೋಣಂತ” ಅಂದ್ರು. ಮಕ್ಕಳಿಬ್ಬರ ಹೆಸರು ತುಂಬಿಸಿ ಸಬ್‌ಮಿಟ್ ಒತ್ತಿದೆ.